ಅಜ್ಜನ ಫೋಟೋದಲ್ಲಿರುವ ಬಸ್ಸು ಯಾವುದು ಅಂತ ಕೇಳಿದ್ದಕ್ಕೆ

ಪುಟ್ಟಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ನಿನ್ನ ಅಜ್ಜ ಖಾಕಿ ಅಂಗಿ ಹಾಕಿಕೊಂಡು ಬಸ್ಸಿನ ಮುಂದಿನ ಚಕ್ರದ ಪಕ್ಕ ನಿಂತಿರುವ ಫೋಟೋ. "ಅತ್ತೆ, ಇದು ಟಾಟಾನಾ ಲೇಲ್ಯಾಂಡಾ, ಯಾವ ಕಾಲದ್ದು, ನಮ್ಮೂರ ಕಡೆ ಡಬಲ್ ಡೆಕ್ಕರ್ ಯಾಕೆ ಬರಲೇ ಇಲ್ಲ" ಅಂತ ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೀಯ. ಅದರ ಕೆಳಗೆ ದೊಡ್ಡಣ್ಣ "ಆಗಿನದೆಲ್ಲ ಡಬ್ಬಾ ಬಸ್ಸು, ಬಿಡು" ಅಂತ ಬರೆದಿದ್ದಾನೆ. ಅದನ್ನು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ. ವಾಯ್ಸ್ ಮೆಸೇಜ್ ಹಾಕಿದರೆ ಅತ್ತಿಗೆಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ನಾನು ಮಾತಾಡುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ಮೊದಲು ಫೋಟೋ. ಅದನ್ನು ದೊಡ್ಡದು ಮಾಡಿ ಬಸ್ಸಿನ ಮುಂದಿನ ಜಾಲರಿಯ ನಡುವೆ ನೋಡು. ಒಂದು ಬಳೆ, ಅದರೊಳಗೆ ಮೂರು ಮೂಲೆಯ ನಕ್ಷತ್ರ ಕಾಣುತ್ತದೆ ಅಲ್ವಾ? ಅದು ಬೆಂಜ್ ಗುರುತು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ, ಬಸ್ಸಿನ ಚಾಸಿ, ಅಂದರೆ ಮೇಲೆ ಬಾಡಿ ಕಟ್ಟುವ ಮುಂಚಿನ ಗಾಡಿ, ಮಾಡಲು ಶುರು ಮಾಡಿದರು. ಆ ಒಪ್ಪಂದ 15 ವರ್ಷ ನಡೆದು 1969ರಲ್ಲಿ ಮುಗಿಯಿತು. ಆಮೇಲೆ ನಕ್ಷತ್ರ ಹೋಗಿ ಟಾಟಾದ್ದೇ 'ಟಿ' ಗುರುತು ಬಂತು. ಹಾಗಾಗಿ ಟಾಟಾನಾ ಅಂದರೆ ಹೌದು, ಟಾಟಾ, ಆದರೆ ಬೆಂಜ್ ಕಾಲದ ಟಾಟಾ. ಗುರುತು ಬದಲಾಗಿ ಎಷ್ಟೋ ವರ್ಷ ಆದಮೇಲೂ ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, "ಬೆಂಜ್ ಗಾಡಿ" ಅಂತಲೇ ಹೇಳುತ್ತಿದ್ದರು. ಕಿಟಕಿಗಳ ಮೇಲೆ ಸುರುಳಿ ಸುತ್ತಿ ಕಟ್ಟಿದ್ದು ಕಾಣುತ್ತಿದೆಯಲ್ಲ, ಅದು ಟರ್ಪಾಲು. ಆಗ ಪಕ್ಕದ ಕಿಟಕಿಗೆ ಗಾಜು ಇರಲಿಲ್ಲ. ಮಳೆ ಬಂದರೆ ಕಂಡಕ್ಟರ್ ಕೂಗುತ್ತಿದ್ದ, ಎಲ್ಲರೂ ಎದ್ದು ದಾರ ಬಿಚ್ಚಿ ಟರ್ಪಾಲು ಇಳಿಸುತ್ತಿದ್ದರು. ಜೂನ್ ತಿಂಗಳಲ್ಲಿ ಒಳಗೆ ಹಗಲಲ್ಲೇ ಕತ್ತಲೆ. ಒದ್ದೆ ಕಂಬಳಿಯ ವಾಸನೆ, ವೀಳ್ಯದೆಲೆ ವಾಸನೆ, ಡೀಸೆಲ್ ವಾಸನೆ ಎಲ್ಲ ಸೇರಿ ಈಗಲೂ ನನ್ನ ಮೂಗಿನಲ್ಲಿದೆ.

ಬೆಂಜ್‌ಗಿಂತ ಮುಂಚೆ ಇದ್ದವು ಪೆಟ್ರೋಲ್ ಬಸ್ಸುಗಳು. ಕರಾವಳಿಯಲ್ಲಿ ಬಸ್ಸು ಬಹಳ ಬೇಗ ಬಂತು. ಮಂಗಳೂರಿಂದ ಬಂಟ್ವಾಳಕ್ಕೆ ಸಿಪಿಸಿ (ಕೆನರಾ ಪಬ್ಲಿಕ್ ಕನ್ವೇಯನ್ಸ್) ಕಂಪನಿ 1914ರಲ್ಲೇ ಬಸ್ಸು ಓಡಿಸಿತ್ತು. ಘಟ್ಟದ ಮೇಲಿನ ನಮ್ಮ ಊರುಗಳಿಗೆ ನಿಧಾನವಾಗಿ ಬಂದಿದ್ದು. ನಮ್ಮ ಅಜ್ಜಿ ಹೇಳುತ್ತಿದ್ದುದೆಲ್ಲ ಆ ಉದ್ದ ಮೂತಿಯ ಬಸ್ಸಿನ ಕತೆ. ಕ್ಲೀನರ್ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಸ್ಟಾರ್ಟ್. ಹ್ಯಾಂಡಲ್ ಹಿಂದಕ್ಕೆ ಹೊಡೆದರೆ ಕೈ ಮುರಿಯುವುದೂ ಇತ್ತಂತೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಅದೇ ಬಸ್ಸುಗಳಿಗೆ ಇದ್ದಿಲು ಗ್ಯಾಸಿನ ಡ್ರಮ್ ಕೂರಿಸಿದರು. ಡ್ರಮ್ಮಿಗೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಯಲ್ಲಿ ಗಾಳಿಚಕ್ರ ತಿರುಗಿಸುತ್ತಾ ಕೂರಬೇಕು. ಒಳ್ಳೆ ಗ್ಯಾಸು ಬರುವವರೆಗೆ ಬಸ್ಸು ಹೊರಡುವಂತಿಲ್ಲ. ಆ ಗ್ಯಾಸಿಗೆ ಪೆಟ್ರೋಲಿನಷ್ಟು ಶಕ್ತಿ ಇಲ್ಲ, ಏರು ಬಂದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಗಂಡಸರೆಲ್ಲ ಇಳಿದು ನಡೆಯಬೇಕು, ಬಾಣಂತಿಯರು ಮತ್ತು ಮುದುಕರು ಮಾತ್ರ ಒಳಗೆ. ಅಜ್ಜಿ ಮೊದಲ ಬಾಣಂತನಕ್ಕೆ ತವರಿಗೆ ಹೋಗಿದ್ದು ಆ ಇದ್ದಿಲು ಬಸ್ಸಿನಲ್ಲೇ. ಇಳಿದಾಗ ಸೀರೆ ಸೆರಗೆಲ್ಲ ಮಸಿ ಅಂತ ಸಾಯುವವರೆಗೂ ಹೇಳುತ್ತಿದ್ದರು.

1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸು ಇಟ್ಟುಕೊಂಡು ಶುರುವಾಯಿತು. ಅದೇ 1961ರಲ್ಲಿ ನಿಗಮ ಆಯಿತು. ದೊಡ್ಡ ರಸ್ತೆ, ದೊಡ್ಡ ಊರುಗಳಿಗೆ ಸರ್ಕಾರಿ ಬಸ್ಸು ಬಂತು. ಆದರೆ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಒಳ ರಸ್ತೆಗಳಲ್ಲಿ ನಮ್ಮನ್ನು ಹೊತ್ತು ತಿರುಗಿದ್ದು ಹೆಚ್ಚಾಗಿ ಪ್ರೈವೇಟ್ ಕಂಪನಿಗಳ ಬಸ್ಸುಗಳೇ.

ಈಗ ಡಬಲ್ ಡೆಕ್ಕರ್ ಪ್ರಶ್ನೆ. ಬೆಂಗಳೂರಲ್ಲಿ ಕೆಂಪು ಡಬಲ್ ಡೆಕ್ಕರ್ ಓಡುತ್ತಿತ್ತು, ನಾನೂ ಒಂದ್ಸಲ ಮೇಲೆ ಹತ್ತಿ ಕೂತಿದ್ದೆ. ಅದನ್ನು ನಮ್ಮ ರಸ್ತೆಗೆ ತಂದರೆ ಮೊದಲನೇ ತಿರುವಿನಲ್ಲೇ ಮಗುಚುತ್ತದೆ. ಎತ್ತರ ಜಾಸ್ತಿ ಆದಷ್ಟೂ ತಿರುವಿನಲ್ಲಿ ಬಸ್ಸು ವಾಲುತ್ತದೆ, ನಮ್ಮಲ್ಲಿ ನೇರ ರಸ್ತೆ ಅಂತ ಒಂದು ಮೈಲಿಯೂ ಇಲ್ಲ. ಮೇಲಿಂದ ಬಿದಿರು ಮೆಳೆ, ಹಲಸಿನ ಕೊಂಬೆ, ಕರೆಂಟ್ ತಂತಿ. ಒಂದೇ ಅಂತಸ್ತಿನ ಬಸ್ಸಿಗೇ ಆ ಬಿದಿರು ತಾಗುತ್ತಿತ್ತು. ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಸರಿಯಿದೆ ಅನ್ನುವ ಸರ್ಟಿಫಿಕೇಟಿನ ತಪಾಸಣೆಗೆ, ಬಿಡುವಾಗ ನೋಡಬೇಕಿತ್ತು, ಬಣ್ಣ ಮೊದಲು ಹೋಗಿರುತ್ತಿದ್ದುದು ಎಡಗಡೆ ಟಾಪಿನ ಅಂಚಿನಲ್ಲಿ, ಉದ್ದಕ್ಕೂ ಬೆಕ್ಕು ಪರಚಿದ ಹಾಗೆ ಗೆರೆ. ನಮ್ಮ ಬಸ್ಸಿನ ಟಾಪು ಖಾಲಿ ಇದ್ದುದೇ ಇಲ್ಲ. ಹಿಂದೆ ಏಣಿ, ಮೇಲೆ ಕಬ್ಬಿಣದ ಕಟಕಟೆ. ಅಡಿಕೆ ಮೂಟೆ, ಬಾಳೆಗೊನೆ, ಸೈಕಲ್ಲು, ಮದುವೆ ಮನೆಯ ಕೊಪ್ಪರಿಗೆ, ಬಸ್ಸು ತುಂಬಿದ ದಿನ ಹುಡುಗರು. ನೀನು ಬೆಂಗಳೂರಿನ ಹೊಸ ಬಸ್ಸುಗಳಲ್ಲಿ ಸಾಮಾನಿಗೆ ಹೊಟ್ಟೆಯಲ್ಲಿ ಡಿಕ್ಕಿ ನೋಡಿರುತ್ತೀಯ. ನಮ್ಮ ರಸ್ತೆಯ ಗುಂಡಿಗೆ, ದಿಬ್ಬಕ್ಕೆ ಹೊಟ್ಟೆ ನೆಲದಿಂದ ಮೇಲಿರಬೇಕು. ಅದಕ್ಕೇ ಸಾಮಾನು ತಲೆಮೇಲೆ.

ಆಗುಂಬೆ ಘಾಟಿಗೆ ಆ ದೊಡ್ಡ ಬಸ್ಸೂ ಹೋಗುತ್ತಿರಲಿಲ್ಲ. 14 ಹೇರ್‌ಪಿನ್ ತಿರುವು, ಉದ್ದ ಗಾಡಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಅಮ್ಮ ಉಡುಪಿಗೆ ಹೋದ ಕತೆ ಹೇಳುವಾಗೆಲ್ಲ ಇದೇ ಬರುತ್ತಿತ್ತು: ಆಗುಂಬೆಯಲ್ಲಿ ದೊಡ್ಡ ಬಸ್ಸು ಇಳಿದು, ಗಂಟುಮೂಟೆ ಹೊತ್ತು ಸಣ್ಣ ವ್ಯಾನು ಹತ್ತಿ, ಕೆಳಗೆ ಸೋಮೇಶ್ವರದಲ್ಲಿ ಮತ್ತೆ ಬೇರೆ ಬಸ್ಸು. 80ರ ದಶಕದಲ್ಲಿ ಮಿನಿ ಬಸ್ಸುಗಳು ಬಂದವು ನೋಡು, ಸ್ವರಾಜ್ ಮಜ್ದಾ, ಮತ್ತೆ 1986ರಲ್ಲಿ ಟಾಟಾ 407, ಅವು ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದ್ದವು. ಘಾಟಿಯಲ್ಲಿ ಈಗಲೂ ಓಡುವುದು ಮಿನಿ ಬಸ್ಸೇ.

ಆದರೆ ನನಗೆ ಇಷ್ಟವಾದ ಬಸ್ಸು ಅಂದರೆ ಮೂತಿ ಹೋಗಿ ಎಂಜಿನ್ ಒಳಗೆ ಬಂದದ್ದು. ಡ್ರೈವರ್ ಪಕ್ಕದಲ್ಲೇ ಎಂಜಿನ್, ಅದರ ಮೇಲೆ ದೊಡ್ಡ ಮುಚ್ಚಳ. ಅದಕ್ಕೆ ನಾವೆಲ್ಲ ಬಾನೆಟ್ ಅಂತಲೇ ಹೇಳುತ್ತಿದ್ದೆವು. ಮೂತಿ ತೆಗೆದಿದ್ದಕ್ಕೆ ಅಷ್ಟೇ ಉದ್ದದ ಬಸ್ಸಿನಲ್ಲಿ ಇನ್ನೊಂದು ಸಾಲು ಸೀಟು ಸಿಕ್ಕಿತು, ಮಾಲೀಕರಿಗೆ ಅದು ಲಾಭ. ನಮಗೆ ಸಿಕ್ಕಿದ್ದು ಬಿಸಿ. ಆಟಿ ತಿಂಗಳ ಮಳೆಯಲ್ಲಿ ನೆನೆದು ಬಂದ ಶಾಲೆ ಮಕ್ಕಳನ್ನು ಅಪ್ಪ ಕರೆದು ಆ ಬಾನೆಟ್ ಸುತ್ತ ನಿಲ್ಲಿಸುತ್ತಿದ್ದರು. ಮೇಲೆ ಗೋಣಿ ಹಾಸಿರುತ್ತಿತ್ತು. ಲಂಗದ ಅಂಚು ಅದಕ್ಕೆ ತಾಗಿಸಿ ನಿಂತರೆ ನಾಲ್ಕು ಮೈಲಿಯಲ್ಲಿ ಹಬೆ ಏಳುತ್ತಾ ಒಣಗುತ್ತಿತ್ತು. ಶಾಲೆ ಮುಟ್ಟುವಾಗ ಮುಂದಿನ ಭಾಗ ಬಿಸಿ, ಬೆನ್ನು ತಣ್ಣಗೆ.

ದೊಡ್ಡಣ್ಣ, ಡಬ್ಬಾ ಅಂದೆಯಲ್ಲ, ಆ ಡಬ್ಬಾ ಹೇಗೆ ಆಗುತ್ತಿತ್ತು ಅಂತ ನಿನಗೂ ಗೊತ್ತು. ಕಂಪನಿಯಿಂದ ಬರುತ್ತಿದ್ದುದು ಬರೀ ಚಾಸಿ. ಎಂಜಿನ್, ಚಕ್ರ, ಸ್ಟೇರಿಂಗ್ ಅಷ್ಟೇ. ಅಪ್ಪ ಒಂದ್ಸಲ ಮದ್ರಾಸಿನ ಹತ್ತಿರದ ಎನ್ನೋರ್‌ನಿಂದ ಲೇಲ್ಯಾಂಡ್ ಚಾಸಿ ಓಡಿಸಿಕೊಂಡು ಬಂದರು. ಮೇಲೆ ಮಾಡು ಇಲ್ಲ, ಪಕ್ಕ ಬಾಗಿಲಿಲ್ಲ, ಕೂರಲು ಒಂದು ಹಲಗೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಬಿಸಿಲು, ಧೂಳಿನಲ್ಲಿ ಓಡಿಸಿ ಮನೆಗೆ ಬಂದಾಗ ಕಣ್ಣು ಬಿಟ್ಟು ಉಳಿದದ್ದೆಲ್ಲ ಕೆಂಪು ಮಣ್ಣು. ನನಗೆ ಗುರುತೇ ಸಿಗದೆ ಅಮ್ಮನ ಹಿಂದೆ ಅಡಗಿಕೊಂಡಿದ್ದೆ. ಆಮೇಲೆ ಬಾಡಿ ಕಟ್ಟುವವರ ಶೆಡ್ಡಿಗೆ ಹೋಗಿ, ಮೊದಲೆಲ್ಲ ಮರದ ಚೌಕಟ್ಟು, ಆಮೇಲೆ ಕಬ್ಬಿಣ, ಹೊರಗೆ ತಗಡು. ಬಾಗಿಲು ಎಲ್ಲಿರಬೇಕು, ಏಣಿ ಎಲ್ಲಿ, ಮೆಟ್ಟಿಲು ಮುದುಕರಿಗೆ ಎಷ್ಟು ಎತ್ತರ, ಎಲ್ಲ ಅಲ್ಲೇ ನಿಂತು ಹೇಳಿ ಮಾಡಿಸುತ್ತಿದ್ದರು. ನಮ್ಮ ರಸ್ತೆ ಗೊತ್ತಿದ್ದವರು ನಮ್ಮ ಜನಕ್ಕೆ ಅಂತ ಕಟ್ಟಿಸಿದ ಬಸ್ಸು ಅದು. ಅದನ್ನು ಡಬ್ಬಾ ಅಂದರೆ ನನಗೆ ನೋವಾಗುತ್ತದೆ.

ಆಗ ಪವರ್ ಸ್ಟೇರಿಂಗ್ ಇಲ್ಲ. ಮಳೆಯಲ್ಲಿ ವೈಪರ್ ಕೆಟ್ಟರೆ ಅಪ್ಪ ಬೀಡಿ ಬಿಚ್ಚಿ ಅದರ ತಂಬಾಕನ್ನು ಗಾಜಿಗೆ ಉಜ್ಜುತ್ತಿದ್ದರು, ನೀರು ಹನಿಯಾಗಿ ನಿಲ್ಲದೆ ಜಾರಿ ಹೋಗುತ್ತಿತ್ತು. ರಾತ್ರಿ ಮನೆಗೆ ಬಂದರೆ ಎರಡೂ ಭುಜಕ್ಕೆ ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಬೇಕು. ದೂರದಿಂದ ಸದ್ದು ಕೇಳಿದರೆ ಸಾಕು, ನಾನು ಒಳಗಿಂದಲೇ ಟಾಟಾ, ಲೇಲ್ಯಾಂಡ್ ಹೇಳುತ್ತಿದ್ದೆ. ಲೇಲ್ಯಾಂಡಿನದು ದಪ್ಪ ಗಂಟಲು, ಏರಿನಲ್ಲಿ ಗೊಣಗುತ್ತಾ ಬರುತ್ತದೆ. ಟಾಟಾದ್ದು ಸ್ವಲ್ಪ ಚೂಪು.

ಪುಟ್ಟಾ, ನಮ್ಮ ಕಡೆ ಬಸ್ಸಿನ ಚರಿತ್ರೆಯಲ್ಲಿ ನೀನು ಮುಖ್ಯವಾಗಿ ತಿಳಿದಿರಬೇಕಾದದ್ದು ಸಹಕಾರ ಸಾರಿಗೆ. ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಅಂತ ಕಂಪನಿ ಇತ್ತು. ಅದು ನಿಂತಾಗ ಅಲ್ಲಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿದರು. ಕೈಬೆರಳಲ್ಲಿ ಎಣಿಸುವಷ್ಟು ಹಳೆ ಬಸ್ಸು ಇಟ್ಟುಕೊಂಡು ಶುರು ಮಾಡಿ 70ಕ್ಕೂ ಹೆಚ್ಚು ಬಸ್ಸಿನವರೆಗೆ ಬೆಳೆಸಿದರು. ಓಡಿಸುವವನೂ ಅವನೇ, ಮಾಲೀಕನೂ ಅವನೇ. ಚಿಕ್ಕಮಗಳೂರು, ಶಿವಮೊಗ್ಗ, ಕೆಳಗೆ ಕರಾವಳಿವರೆಗೂ ಅವರ ಬಸ್ಸು ಹೋಗುತ್ತಿತ್ತು. ನಾನು ಟೀಚರ್ ಆಗಿ ದಿನಾ ಓಡಾಡಿದ್ದು ಅದರಲ್ಲೇ. ಬೇರೆ ಯಾರೂ ಹೋಗದ ಹಳ್ಳಿಗೆ, ನಾಲ್ಕೇ ಜನ ಇರುವ ಕೊನೆ ಟ್ರಿಪ್ಪಿಗೂ ಬಸ್ಸು ಬಿಡುತ್ತಿದ್ದರು. ಶಾಲೆ ಕಾಲೇಜು ಮಕ್ಕಳಿಗೆ ರಿಯಾಯಿತಿ ಪಾಸು. ನನ್ನ ಕ್ಲಾಸಿನ ಎಷ್ಟು ಹೆಣ್ಣುಮಕ್ಕಳು ಹತ್ತನೇ ಕ್ಲಾಸಿಗೆ ನಿಲ್ಲದೆ ಕಾಲೇಜಿಗೆ ಹೋದರು ಅಂದರೆ, ಸಂಜೆ ಕತ್ತಲಾಗುವ ಮುಂಚೆ ಮನೆ ಬಾಗಿಲ ರಸ್ತೆಗೆ ಬಸ್ಸು ಇತ್ತು ಅನ್ನುವ ಒಂದೇ ಧೈರ್ಯಕ್ಕೆ. ಕಂಡಕ್ಟರ್ ಒಂದೊಂದು ಮಗುವಿನ ಮನೆ ತಿಳಿದವನು. ಅಪ್ಪಂದಿರಿಗೆ ಅದು ಸಾಕಿತ್ತು.

2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಲಾಕ್‌ಡೌನಿನಿಂದ ಅಂತ ಈಗ ಎಷ್ಟೋ ಜನ ಅಂದುಕೊಂಡಿದ್ದಾರೆ, ಅಲ್ಲ, ಅದಕ್ಕೂ ಒಂದು ತಿಂಗಳು ಮುಂಚೆಯೇ. ಡೀಸೆಲ್ ಏರಿತು, ಬಿಡಿಭಾಗ ಏರಿತು, ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಟ್ಯಾಕ್ಸ್ ಕಟ್ಟಬೇಕು, ಸೀಟು ತುಂಬಲಿ ಬಿಡಲಿ. ಮನೆಮನೆಗೆ ಬೈಕು, ಕಾರು ಬಂತು. ಅದೇ ಏಪ್ರಿಲ್‌ನಿಂದ ಹೊಸ ಗಾಡಿಗೆಲ್ಲ ಹೊಗೆ ಕಡಿಮೆ ಬಿಡುವ ಬಿಎಸ್ 6 ಎಂಜಿನ್ ಕಡ್ಡಾಯ ಆಗುವುದಿತ್ತು, ಚಾಸಿ ಬೆಲೆ ಇನ್ನೂ ಏರುವುದಿತ್ತು. ಸಂಘ ನಿಂತ ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನಾಳೆ ಶಾಲೆಗೆ ಹೇಗೆ ಬರುವುದು ಅನ್ನುವುದು ಆಮೇಲಿನ ಯೋಚನೆ, ಮನೆಯ ಹಿರಿಯರು ಹೋದ ಹಾಗೆ ಆಗಿತ್ತು.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದು ಒಳ್ಳೆಯದೇ, ನಾನೂ ಶಿವಮೊಗ್ಗಕ್ಕೆ ಹಾಗೇ ಹೋಗಿ ಬರುತ್ತೇನೆ. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸಿಗೆ ಅದರಿಂದ ಏನು ಸಿಕ್ಕಿತು? ನಮ್ಮ ಸ್ಟಾಪಿನಿಂದ ಒಳಗಿರುವ ಊರಿನವರು ಈಗ ಆಟೋಗೆ ಕೊಡುವ ದುಡ್ಡು ಕೇಳಿದರೆ ಹೊಟ್ಟೆ ಉರಿಯುತ್ತದೆ. ಒಳ ರಸ್ತೆಗಳಿಗೂ ಒಂದೊಂದು ಮಿನಿ ಬಸ್ಸು ಬಿಡಿ ಅಂತ ನಾವು ನಾಲ್ಕೈದು ಜನ ಅರ್ಜಿ ಬರೆದಿದ್ದೇವೆ. ಊರಿನ ಎಲ್ಲರ ಸಹಿ ಬೇಕು, ಈ ಗ್ರೂಪಿನಲ್ಲಿ ಇನ್ನೂ ಊರಿನ ವಿಳಾಸ ಇರುವವರು ಹಬ್ಬಕ್ಕೆ ಬಂದಾಗ ಸಹಿ ಮಾಡಿ ಹೋಗಿ.

ಪುಟ್ಟಾ, ಇನ್ನೊಂದು ವಿಷಯ. ಆ ಫೋಟೋದಲ್ಲಿ ಅಜ್ಜನ ಬಲಗೈ ಹತ್ತಿರ ಹಿತ್ತಾಳೆ ಹಾರ್ನು ಕಾಣುತ್ತದೆ ನೋಡು, ರಬ್ಬರ್ ಬಲ್ಬು ಒತ್ತಿದರೆ ಪೋಂ ಅನ್ನುವುದು. ಆ ಬಸ್ಸನ್ನು ಗುಜರಿಗೆ ಹಾಕುವಾಗ ಅಪ್ಪ ಕೇಳಿ ತಂದದ್ದು, ನಮ್ಮ ಅಟ್ಟದ ಮೇಲೆ ಅಕ್ಕಿ ಮುಡಿಯ ಪಕ್ಕದಲ್ಲೇ ಇದೆ. ಹುಣಸೆಹಣ್ಣು ಹಾಕಿ ತೊಳೆದೆ, ಚೆನ್ನಾಗಿ ಹೊಳೆಯುತ್ತಿದೆ, ರಬ್ಬರ್ ಮಾತ್ರ ಪುಡಿಪುಡಿ ಆಗಿದೆ. ಬೆಂಗಳೂರಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ ಕಡೆ ಹೋದರೆ ಆ ಅಳತೆಯ ಬಲ್ಬು ಸಿಗುತ್ತದಾ ಅಂತ ಕೇಳು. ಬಾಯಿ ಅಳತೆ ನಾಳೆ ದಾರ ಹಿಡಿದು ನೋಡಿ ಕಳಿಸುತ್ತೇನೆ.