‘ಅಪ್ಪರ್ ಸೆಕೆಂಡ್’ಗೆ ಕನ್ನಡದಲ್ಲಿ ಏನೆನ್ನೋಣ?

ಬ್ರಿಟನ್ನಿನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುವವರಿಗಾಗಿ ಕನ್ನಡದಲ್ಲಿ ಒಂದು ಮಾಹಿತಿಪತ್ರ ಬರೆಯುತ್ತಿದ್ದೇನೆ. ಪ್ರವೇಶದ ಅರ್ಹತೆಯೆಂದು ಅಲ್ಲಿ ಮತ್ತೆ ಮತ್ತೆ ಕಾಣುವ ‘2:1’ ಎಂಬಲ್ಲಿ ನನ್ನ ಲೇಖನಿ ನಿಂತಿದೆ. ಕರಡು ನೋಡಿದ ನನ್ನ ಅಣ್ಣ ಅದನ್ನು ‘ಎರಡಕ್ಕೆ ಒಂದು’ ಎಂದು ಓದಿ, ಇಬ್ಬರು ಅರ್ಜಿ ಹಾಕಿದರೆ ಒಬ್ಬರಿಗೆ ಸೀಟು ಸಿಗುತ್ತದೆಯೇ ಎಂದು ಕೇಳಿದರು! ಅದು ಅನುಪಾತವಲ್ಲ, ‘ಟೂ ವನ್’ ಎಂದು ಓದಬೇಕಾದ, ಎರಡನೆಯ ದರ್ಜೆಯ ಮೇಲಿನ ಅರ್ಧ, ಅಂದರೆ ‘ಅಪ್ಪರ್ ಸೆಕೆಂಡ್’.

ಅಲ್ಲಿನ ಆನರ್ಸ್ ಪದವಿಯಲ್ಲಿ ಸಾಮಾನ್ಯವಾಗಿ ಸರಾಸರಿ 70 ದಾಟಿದರೆ ಫಸ್ಟ್, 60ರಿಂದ 69ರವರೆಗೆ 2:1, 50ರಿಂದ 59ರವರೆಗೆ ಅದೇ ದರ್ಜೆಯ ಕೆಳಗಿನ ಅರ್ಧವಾದ 2:2, 40ರ ಮೇಲೆ ಥರ್ಡ್. 2:1 ಅನ್ನು ಬರೀ ‘ದ್ವಿತೀಯ ದರ್ಜೆ’ ಎಂದು ಬರೆದರೆ, ಶೇಕಡಾ 60 ಬಂದೊಡನೆ ಪ್ರಥಮ ದರ್ಜೆಯೆಂದು ಹಿಗ್ಗುವ ನಮ್ಮ ಓದುಗರಿಗೆ ಅದು ಕಡಿಮೆ ಮಟ್ಟದ್ದೆಂದೇ ತೋರುತ್ತದೆ. ಸಾಲದ್ದಕ್ಕೆ ‘ದ್ವಿತೀಯ ದರ್ಜೆ ಸಹಾಯಕ’ ಎಂಬ ಸರ್ಕಾರಿ ಹುದ್ದೆಯೂ ನೆನಪಾಗುತ್ತದೆ. ಹಾಗೆಂದು ನಮ್ಮ 64 ಅಲ್ಲಿನ 64ಕ್ಕೆ ಸಮ ಎನ್ನುವಂತೆಯೂ ಇಲ್ಲ. ಭಾರತದ ಎಷ್ಟು ಶೇಕಡಾ ಅಥವಾ ಎಷ್ಟು ಸಿಜಿಪಿಎ 2:1ಕ್ಕೆ ಸಮವೆಂಬುದನ್ನು ಆಯಾ ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ. ಕೆಲವು ಕಡೆ ಅರ್ಜಿದಾರರು ಯಾವ ಸಂಸ್ಥೆಯಲ್ಲಿ ಓದಿದರೆಂಬುದನ್ನೂ ನೋಡುತ್ತಾರೆ.

‘ಆನರ್ಸ್’ ಇನ್ನೊಂದು ತೊಡಕು. ‘ಗೌರವ ಪದವಿ’ ಎಂದರೆ, ‘ಗೌರವ ಡಾಕ್ಟರೇಟ್’ನ ಬಳಕೆಯಿಂದಾಗಿ, ಪರೀಕ್ಷೆ ಬರೆಯದೆ ಶಾಲು ಹೊದಿಸಿ ಕೊಟ್ಟದ್ದು ಎಂಬ ಅರ್ಥ ಬಂದುಬಿಡುತ್ತದೆ. ಆದ್ದರಿಂದ ‘ಆನರ್ಸ್’ ಎಂದೇ ಉಳಿಸಿದ್ದೇನೆ.

2:1ಕ್ಕೆ ‘ಉನ್ನತ ದ್ವಿತೀಯ ದರ್ಜೆ’ ಎಂದು ಒಮ್ಮೆ ಬಿಡಿಸಿ ಹೇಳಿ, ಮುಂದೆ ಅಂಕಿಯನ್ನೇ ಬಳಸುವುದು ಸರಿಯೆಂದು ನನ್ನ ಅನಿಸಿಕೆ, ಏಕೆಂದರೆ ಅರ್ಜಿಯ ನಮೂನೆಯಲ್ಲಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಅಂಕಿಯೇ. 2:2ರ ವಿಷಯದಲ್ಲಿ ಮಾತ್ರ ದಾರಿ ಕಾಣದು. ‘ಟೂ ಟೂ’ ಎಂಬ ಉಚ್ಚಾರ ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಹೆಸರಿಗೆ ಹೊಂದುವುದರಿಂದ ಅಲ್ಲಿನ ವಿದ್ಯಾರ್ಥಿಗಳು ಅದನ್ನು ತಮಾಷೆಗೆ ‘ಡೆಸ್ಮಂಡ್’ ಎನ್ನುತ್ತಾರೆ. ನಮಗೆ ಆ ಸೌಲಭ್ಯವಿಲ್ಲ. ‘ಕೆಳ ದ್ವಿತೀಯ’ ಎಂದರೆ ಹೀಗಳೆದಂತೆ ಕೇಳಿಸುತ್ತದೆ, ‘ಸಾಮಾನ್ಯ ದ್ವಿತೀಯ’ ಎಂದರೆ ಆನರ್ಸ್ ಇಲ್ಲದ ಆರ್ಡಿನರಿ ಪದವಿಯೊಂದಿಗೆ ಗೊಂದಲವಾಗುತ್ತದೆ. ಅಂಕಪಟ್ಟಿಗಳ ಅನುವಾದ ಮಾಡಿ ಬಲ್ಲವರು ಇದಕ್ಕೆ ಯಾವ ಪದ ಬಳಸಿದ್ದೀರಿ?