ಭಕ್ತಿಯ ಚೌಕಟ್ಟಿನಲ್ಲಿ ಕಲಾವಿದನ ಸ್ವಾತಂತ್ರ್ಯ

ಪ್ರಶ್ನೆ: ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಇಟಲಿಯ ಆಂಟೋನಿಯೊ ಮೊಸ್ಕೇನಿ ಸ್ವತಃ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘದ ಸಹೋದರರಾಗಿದ್ದರು. ಕಥೆ, ಸಂತರು, ಸಂಕೇತಗಳು ಎಲ್ಲವೂ ಮೊದಲೇ ನಿಶ್ಚಿತವಾಗಿರುವಾಗ ಕಲಾವಿದನ ಸ್ವಂತ ಸೃಷ್ಟಿಶೀಲತೆಗೆ ಎಡೆಯೆಲ್ಲಿ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಯಕ್ಷಗಾನದಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ನಾವು ಅರ್ಥಧಾರಿಯ ಮಾತಿಗಾಗಿ ರಾತ್ರಿಯಿಡೀ ಕೂರುತ್ತೇವೆ. ಇಲ್ಲಿಯೂ ಹಾಗೆಯೇ. ಫ್ರೆಸ್ಕೊ ಎಂಬ ಬಗೆಯ ಭಿತ್ತಿಚಿತ್ರದಲ್ಲಿ ಹಸಿ ಸುಣ್ಣದ ಗಾರೆ ಒಣಗುವ ಮುನ್ನವೇ ಬಣ್ಣ ಹಚ್ಚಬೇಕಾದ್ದರಿಂದ, ಆ ದಿನದ ಗಾರೆಯ ಮೇಲೆ ಯಾವ ಮುಖಕ್ಕೆ ಎಷ್ಟು ಬೆಳಕು ಬೀಳಬೇಕೆಂಬ ನಿರ್ಧಾರವನ್ನು ಕಲಾವಿದನೇ ತಡವಿಲ್ಲದೆ ಮಾಡಬೇಕಾಗುತ್ತದೆ. ರೋಮಿನ ಪ್ಲೇಗ್ ರೋಗಿಗಳನ್ನು ಅಲೋಶಿಯಸ್ ಆರೈಕೆ ಮಾಡುವ ದೃಶ್ಯವನ್ನು ನಿಧಾನವಾಗಿ ನೋಡಿ. ಅಲ್ಲಿನ ಕರುಣೆ ಯಾರ ಆಜ್ಞೆಯಿಂದಲೂ ಮೂಡುವಂಥದ್ದಲ್ಲ.

ಉತ್ತರ 2: ಯೌವನದಲ್ಲಿ ನಟರೂ ನಾಟಕಕಾರರೂ ಆಗಿದ್ದ ಪೋಪ್ ಎರಡನೇ ಜಾನ್ ಪಾಲ್, 1999ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ ಧರ್ಮಸಭೆಗೆ ಕಲೆ ಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಕಲೆಯನ್ನು ಬರಿಯ ಅಲಂಕಾರವೆಂದು ಭಾವಿಸುವವರು ಅದನ್ನು ಓದಲೇಬೇಕು.

ಉತ್ತರ 3: ಒಪ್ಪುತ್ತೇನೆ, ಆದರೆ ಕಲಾವಿದ ಭಕ್ತನಾಗಿರಲೇಬೇಕೆಂಬ ನಿಯಮವಿಲ್ಲ. ಫ್ರಾನ್ಸಿನ ರೋನ್‌ಶಾಂಪ್‌ನಲ್ಲಿ 1955ರಲ್ಲಿ ಪೂರ್ಣಗೊಂಡ ಪ್ರಾರ್ಥನಾಲಯವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಕ್ಯಾಥೊಲಿಕ್ ಶ್ರದ್ಧೆಯವರಾಗಿರಲಿಲ್ಲ. ಆದರೂ ಅದರ ದಪ್ಪ ಗೋಡೆಯ ಕಿಂಡಿಗಳಿಂದ ಬರುವ ಬೆಳಕಿನಲ್ಲಿ ಜನರು ಇಂದಿಗೂ ಪ್ರಾರ್ಥಿಸುತ್ತಾರೆ.