ನಡೆದರೆ ಮೀನಖಂಡ ಹಿಡಿಯುತ್ತೆ: ನರವೋ, ರಕ್ತನಾಳವೋ?

ಫಿಸಿಯೋ_ಇಂಟರ್ನ್:
60 ದಾಟಿದ, ಹಳೇ ಸಕ್ಕರೆ ಕಾಯಿಲೆಯ ರೋಗಿ. 200 ಮೀಟರ್ ನಡೆಯುವಷ್ಟರಲ್ಲಿ ಬಲ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಬಿಡುತ್ತೆ. ಎಂಆರ್‌ಐನಲ್ಲಿ ಎಲ್4-ಎಲ್5 (ಸೊಂಟದ 4, 5ನೇ ಕಶೇರುಗಳ ನಡುವಿನ) ಡಿಸ್ಕ್ ಉಬ್ಬಿದೆ. ಎಬಿಐ (ತೋಳಿನ ಒತ್ತಡಕ್ಕೆ ಹರಡಿನ ಹತ್ತಿರದ ರಕ್ತದೊತ್ತಡದ ಅನುಪಾತ) 1.45 ಬಂದಿದೆ, ಅಂದರೆ ರಕ್ತಸಂಚಾರ ಸರಿಯಿದೆ ತಾನೆ? ಸೊಂಟಕ್ಕೆ ಟ್ರಾಕ್ಷನ್ (ಬೆನ್ನುಮೂಳೆ ಎಳೆಯುವ ಚಿಕಿತ್ಸೆ) ಶುರು ಮಾಡಬಹುದಾ?

ವ್ಯಾಸ್ಕುಲರ್_ಪಿಜಿ:
ತಡೀರಿ. 1.45 ಸರಿಯಾದ ಅಂಕಿಯಲ್ಲ. 1.40 ದಾಟಿದರೆ ಅಪಧಮನಿಯ ಗೋಡೆ ಸುಣ್ಣಗಟ್ಟಿ, ಒತ್ತಡ ಅಳೆಯುವ ಕಫ್‌ಗೆ ಅದುಮಲಾಗುತ್ತಿಲ್ಲ ಎಂದರ್ಥ. ಸಕ್ಕರೆ ಕಾಯಿಲೆಯಲ್ಲಿ ಇದು ಮಾಮೂಲು. ಬೆರಳಿನ ನಾಳಗಳು ಅಷ್ಟು ಗಟ್ಟಿಯಾಗಿರಲ್ಲ, ಹಾಗಾಗಿ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಸಿ. ತೋಳಿನ ಒತ್ತಡಕ್ಕೆ ಅದರ ಅನುಪಾತ 0.70ಕ್ಕಿಂತ ಕಡಿಮೆಯಿದ್ದರೆ ನಾಳದ ತೊಂದರೆ ಇದೆ.

ನಾಡಿ ಮುಟ್ಟಿ ನೋಡಿದಿರಾ? ತೊಡೆಸಂದು, ಮಂಡಿಯ ಹಿಂದೆ (ಮಂಡಿ ಸ್ವಲ್ಪ ಮಡಿಸಿ), ಒಳಗಣ ಹರಡಿನ ಗಂಟಿನ ಹಿಂದೆ, ಪಾದದ ಮೇಲೆ ಹೆಬ್ಬೆರಳೆತ್ತುವ ಸ್ನಾಯುರಜ್ಜುವಿನ ಹೊರಬದಿಗೆ. ಕೊನೆಯದೊಂದೇ ಸಿಗದಿದ್ದರೆ ಗಾಬರಿ ಬೇಡ, ಕೆಲವರಿಗೆ ಹುಟ್ಟಿನಿಂದಲೇ ಅದು ಇರಲ್ಲ. ಪೃಷ್ಠದಲ್ಲೂ ನೋವಿದ್ದರೆ ಮೇಲೆ ಹುಡುಕಬೇಕು: ಮಹಾಪಧಮನಿ ಎಲ್4 ಮಟ್ಟದಲ್ಲಿ ಕವಲೊಡೆದು ಕಾಲುಗಳ ಕಡೆ ಹೋಗುವ ಇಲಿಯಾಕ್‌ಗಳಾಗುತ್ತೆ, ಒಳ ಇಲಿಯಾಕ್ ಪೃಷ್ಠಕ್ಕೂ ಕಟಿಯ ಅಂಗಗಳಿಗೂ ರಕ್ತ ಕೊಡುತ್ತೆ. ಅಲ್ಲಿ ಅಡ್ಡಿಯಾದ ಗಂಡಸರಿಗೆ ನಿಮಿರು ದೌರ್ಬಲ್ಯವೂ ಬರಬಹುದು. ಕೇಳದೆ ಯಾರೂ ಹೇಳಲ್ಲ.

ಬೆನ್ನುಹುರಿ_ಓಪಿಡಿ:
ಎಂಆರ್‌ಐ ನೋಡಿ ರೋಗ ತೀರ್ಮಾನಿಸಬೇಡಿ. ಈ ವಯಸ್ಸಿನಲ್ಲಿ ನೋವೇ ಇಲ್ಲದವರ ಡಿಸ್ಕೂ ಉಬ್ಬಿರುತ್ತೆ. ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತೋದು ಎಲ್5 ನರಬೇರನ್ನು: ಕಣಕಾಲಿನ ಹೊರಬದಿ, ಪಾದದ ಮೇಲ್ಭಾಗ, ಹೆಬ್ಬೆರಳೆತ್ತುವ ಬಲ. ಮೀನಖಂಡ ಮತ್ತು ಹಿಮ್ಮಡಿಯ ರಿಫ್ಲೆಕ್ಸ್ ಮುಖ್ಯವಾಗಿ ಎಸ್1 (ಸೊಂಟದ ಕೆಳಗಿನ ತ್ರಿಕಾಸ್ಥಿಯ ಮೊದಲ) ನರಬೇರಿನದು. ನರದ ದಾರಿ ಕಿರಿದಾಗಿದ್ದರೆ ಸುಮ್ಮನೆ ನಿಂತರೂ ನೋವು ಬರುತ್ತೆ, ಕೂರಬೇಕು ಇಲ್ಲವೇ ಮುಂದೆ ಬಾಗಬೇಕು. ಬಾಗಿ ಸೈಕಲ್ ಹೊಡೆದರೆ ಏನೂ ಆಗಲ್ಲ.

ಫಿಸಿಯೋ_ಇಂಟರ್ನ್:
ಸೈಕಲ್ ಹೊಡೆದರೂ ಅದೇ ನೋವು. ಪೃಷ್ಠದಲ್ಲಿ ನೋವಿಲ್ಲ. ಬಲ ತೊಡೆಸಂದಿನಲ್ಲಿ ನಾಡಿ ಚೆನ್ನಾಗಿದೆ, ಕೆಳಗೆ ಮೂರೂ ಕಡೆ ಸಿಗುತ್ತಿಲ್ಲ.

ವ್ಯಾಸ್ಕುಲರ್_ಪಿಜಿ:
ಹಾಗಾದರೆ ತೊಡೆಯ ಅಪಧಮನಿಯೇ ಕಟ್ಟಿರೋ ಸಾಧ್ಯತೆ ಹೆಚ್ಚು, ಅದರಲ್ಲೂ ತೊಡೆಯ ಕೆಳಭಾಗದ ಅಡಕ್ಟರ್ ಕಾಲುವೆಯ (ಸ್ನಾಯುಗಳ ನಡುವೆ ಅಪಧಮನಿ ಹಾದುಹೋಗುವ ದಾರಿ) ಹತ್ತಿರ. ಟ್ರಾಕ್ಷನ್ ಬಿಡಿ, ರಕ್ತದ ಹರಿವು ನೋಡುವ ಡಾಪ್ಲರ್‌ಗೆ ಕಳಿಸಿ. ಬಿಗಿ ಸ್ಟಾಕಿಂಗ್ಸ್ ಹಾಕಬೇಡಿ. ಸ್ಪರ್ಶಜ್ಞಾನ ಕಡಿಮೆಯಿರೋ ಪಾದಕ್ಕೆ ಬಿಸಿ ಶಾಖವೂ ಬೇಡ, ಸುಟ್ಟರೂ ಗೊತ್ತಾಗಲ್ಲ. ವೈದ್ಯರು ಒಪ್ಪಿದ ಮೇಲೆ ನಡಿಗೆ ಚಿಕಿತ್ಸೆ: ನೋವು ಜೋರಾಗುವವರೆಗೆ ನಡೆದು, ನಿಂತು, ಮತ್ತೆ ನಡೆಯೋದು. ಒಮ್ಮೆಗೆ 30-45 ನಿಮಿಷ, ವಾರಕ್ಕೆ 3 ಸಲ, 12 ವಾರ. ಬೀಡಿ, ಸಿಗರೇಟು ಪೂರ್ತಿ ಬಂದ್.

ರಾತ್ರಿ ಮಲಗಿದಾಗಲೂ ಪಾದ ನೋಯ್ದು, ಮಂಚದಿಂದ ಕಾಲು ಇಳಿಬಿಟ್ಟರೆ ಕಡಿಮೆಯಾಗುತ್ತಿದ್ದರೆ, ಅಥವಾ ಬೆರಳಲ್ಲಿ ಹುಣ್ಣಿದ್ದರೆ ಈ ವ್ಯಾಯಾಮಕ್ಕೆಲ್ಲ ಕಾಯದೆ ನೇರ ವ್ಯಾಸ್ಕುಲರ್ ಸರ್ಜನ್ ಹತ್ತಿರ ಕಳಿಸಿ.

ಬೆನ್ನುಹುರಿ_ಓಪಿಡಿ:
ಗುದದ್ವಾರದ ಸುತ್ತ ಜೋಮು, ಮೂತ್ರ ಕಟ್ಟೋದು ಇದೆಯಾ ಅಂತಲೂ ಕೇಳಿಬಿಡಿ. ಅದು ಎಸ್2-ಎಸ್4 ನರಗಳ ಮೇಲಿನ ಒತ್ತಡ; ಇದ್ದರೆ ಅದೇ ದಿನ ಎಮರ್ಜೆನ್ಸಿಗೆ.